ಬೆಳಗಿನ 5ಕ್ಕೆ ಬಂದವನಿಗೆ ಎರಡು ದಿನದ ಬಾಡಿಗೆ!



ಊರಿನಿಂದ ನಿಮ್ಮ ಚಿಕ್ಕಪ್ಪ ರಾತ್ರಿ ಬಸ್ಸು ಹತ್ತಿ ಬೆಳಗಿನ 5ಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಕೈಯಲ್ಲೊಂದು ಚೀಲ, ಚೀಲದಲ್ಲಿ ಆಸ್ಪತ್ರೆಯ ಕಾಗದಪತ್ರ. ನಿಮ್ಮ ಪಿ.ಜಿ.ಯಲ್ಲಿ ನಿಮಗೇ ಜಾಗ ಸಾಲದು. ಲಾಡ್ಜೇ ಗತಿ.

ಲಾಡ್ಜುಗಳಲ್ಲಿ ಎರಡು ಜಾತಿ ಉಂಟು, ಗೊತ್ತೇ? ಒಂದರಲ್ಲಿ ನೀವು ಕಾಲಿಟ್ಟ ಗಳಿಗೆಯಿಂದ 24 ಗಂಟೆ ಲೆಕ್ಕ. ಇನ್ನೊಂದರಲ್ಲಿ ನೀವು ಯಾವಾಗಲೇ ಬನ್ನಿ, ಮಧ್ಯಾಹ್ನ 12ಕ್ಕೆ ದಿನ ಮುಗಿಯಿತು! 5ಕ್ಕೆ ಬಂದು ಸಂಜೆ 6ಕ್ಕೆ ಹೊರಟರೂ ಎರಡು ದಿನದ ಬಾಡಿಗೆ ತೆರಬೇಕು. ನನ್ನ ತಂದೆಯನ್ನು ತಪಾಸಣೆಗೆ ಕರೆತಂದಾಗ ನಾನೇ ತೆತ್ತಿದ್ದೇನೆ. ಕೇಳಿದರೆ ಮ್ಯಾನೇಜರ್ ಗೋಡೆಯತ್ತ ಬೆರಳು ತೋರಿಸಿದ. ಸುಳ್ಳೇಕೆ ಹೇಳಲಿ, ನಿಯಮ ಅಲ್ಲಿತ್ತು. ಇಂಗ್ಲಿಷಿನಲ್ಲಿ! ನಿದ್ದೆಗಣ್ಣಿನಲ್ಲಿ ನಾನೂ ಓದಿರಲಿಲ್ಲ. "ಇದನ್ನೇ ಕನ್ನಡದಲ್ಲಿ ಬರೆದರೆ ಗೋಡೆ ಬೀಳುತ್ತಿತ್ತೇನಪ್ಪಾ?" ಎಂದರು ನಮ್ಮಪ್ಪ. ಆತನ ಬಳಿ ಉತ್ತರವಿರಲಿಲ್ಲ.

2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಸರಿ, ಹೊರಗೆ ಹೆಸರು ಕನ್ನಡದಲ್ಲಿ ಬಂತು. ಜೇಬಿಗೆ ಕೈ ಹಾಕುವ ನಿಯಮ ಮಾತ್ರ ಒಳಗೆ ಇಂಗ್ಲಿಷಿನಲ್ಲೇ ಕೂತಿದೆ. ಈ ಜಾಣತನಕ್ಕೆ ಏನೆನ್ನೋಣ?

ಇದೇ ಮೆಜೆಸ್ಟಿಕ್‌ನ ರಸ್ತೆಯೊಂದಕ್ಕೆ ಗುಬ್ಬಿ ತೋಟದಪ್ಪನವರ ಹೆಸರಿದೆ. ವ್ಯಾಪಾರಿ ಮನುಷ್ಯ. ದುಡಿದ ಹಣದಲ್ಲಿ ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗೆಂದು ಛತ್ರ ಕಟ್ಟಿಸಿದರು, 1903ರಲ್ಲಿ ಅದು ತೆರೆಯಿತು. ಇಂದು ಛತ್ರ ಎಂದರೆ ನಿಮಗೆ ಮದುವೆ ಊಟವಷ್ಟೇ ನೆನಪಾಗುತ್ತದೆ! ಎಲ್ಲರೂ ತೋಟದಪ್ಪನವರಾಗಲಿ ಎಂದು ನಾನು ಹೇಳುತ್ತಿಲ್ಲ. ಲಾಡ್ಜಿನವನೂ ಬದುಕಬೇಕು. ಬಾಡಿಗೆ ತೆಗೆದುಕೊಳ್ಳಲಿ, ಆದರೆ ಮೊದಲೇ ಹೇಳಿ ತೆಗೆದುಕೊಳ್ಳಲಿ.

ರೈಲಿನಲ್ಲಿ ಬರುವವರಿಗೆ ದೊಡ್ಡ ನಿಲ್ದಾಣಗಳಲ್ಲಿ ವಿಶ್ರಾಂತಿ ಕೊಠಡಿ, ಡಾರ್ಮಿಟರಿ ಉಂಟು. ಟಿಕೆಟ್ ಇರಬೇಕು, ಮೊದಲೇ ಕಾದಿರಿಸಿದರೆ ಒಳ್ಳೆಯದು. ಪ್ರವಾಸಕ್ಕಾದರೆ ಜೋಗ, ಬೇಲೂರಿನಂಥ ಕಡೆ ನಮ್ಮದೇ ಸರ್ಕಾರಿ ನಿಗಮದ 'ಮಯೂರ' ಹೋಟೆಲುಗಳಿವೆ. ಇನ್ನು ಕೊಡಗು, ಚಿಕ್ಕಮಗಳೂರಿನ ಹೋಂ ಸ್ಟೇ. ಅಲ್ಲಿ ಎಷ್ಟೋ ಕಡೆ ಬಾಡಿಗೆ ಕೋಣೆಗಲ್ಲ, ತಲೆಗೆ ಇಷ್ಟೆಂದು. ಊಟ ಸೇರಿದೆಯೇ ಕೇಳಿಕೊಳ್ಳಿ. ಮನೆಯವರೇ ವಾಸವಿಲ್ಲದ ಕಟ್ಟಡಕ್ಕೆ ಹೋಂ ಸ್ಟೇ ಬೋರ್ಡು ತಗುಲಿಸಿದರೆ ಅದೂ ಲಾಡ್ಜೇ, ಹೆಸರು ಮಾತ್ರ ದುಬಾರಿ.

ತೆರಿಗೆಯ ವಿಷಯವೂ ತಿಳಿದಿರಲಿ. ದಿನಕ್ಕೆ 7500 ರೂಪಾಯಿವರೆಗಿನ ಕೋಣೆಗೆ ಶೇ. 12 ಇದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲದವನಿಗೆ ತೆರಿಗೆ ಕೇಳುವ ಹಕ್ಕೇ ಇಲ್ಲ.

ಮುಂದಿನ ಸಲ ಚಿಕ್ಕಪ್ಪನ ಚೀಲ ಹಿಡಿದು ಲಾಡ್ಜಿನ ಮೆಟ್ಟಿಲು ಹತ್ತಿದಾಗ, ಅಡ್ವಾನ್ಸ್ ಕೊಡುವ ಮೊದಲು ಕನ್ನಡದಲ್ಲೇ ಕೇಳಿ: "24 ಗಂಟೆಯೋ, 12ರ ಲೆಕ್ಕವೋ?" ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಕನ್ನಡದಲ್ಲಿ ಬರೆಯಲು ಬರುವುದಿಲ್ಲ ಎಂದರೆ ಪೆನ್ನು ಈಸಿಕೊಂಡು ನೀವೇ ಬರೆಯಿರಿ, ಸಹಿ ಅವನು ಹಾಕಲಿ.