ಮುಷ್ಟಿಯ ಪರವಾಗಿ ನಾಲ್ಕು ಮಾತು

ಸೂಪರ್‌ಹೀರೋ ಕಾಮಿಕ್ಸ್ ಓದುತ್ತೇನೆ ಎಂದರೆ ಸಾಹಿತ್ಯದ ಗೆಳೆಯರು ಈಗ ಮೊದಲಿನಂತೆ ಮುಖ ಸಿಂಡರಿಸುವುದಿಲ್ಲ. ಸ್ಪೈಡರ್‌ಮ್ಯಾನ್‌ನ ಬಡತನ, ಎಕ್ಸ್‌ಮೆನ್ ಉಣ್ಣುವ ತಿರಸ್ಕಾರ, ಬ್ಯಾಟ್‌ಮ್ಯಾನ್‌ನ ಆರದ ದುಃಖ ಇವೆಲ್ಲ ಓದತಕ್ಕ ವಸ್ತುಗಳೇ ಎಂದು ಒಪ್ಪುತ್ತಾರೆ. ಒಪ್ಪಿದ ಮೇಲೆ ಒಂದು ಮಾತು ಸೇರಿಸುತ್ತಾರೆ: ‘ಆ ಹೊಡೆದಾಟ ಒಂದು ಇಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!’ ಮಾವಿನ ಹಣ್ಣಿನಿಂದ ಗೊರಟೆ ತೆಗೆದ ಹಾಗೆ ಹೊಡೆದಾಟವನ್ನು ತೆಗೆದುಬಿಟ್ಟರೆ ಬರೀ ತಿರುಳು ಕೈಗೆ ಸಿಗುತ್ತದೆ ಎಂದು ಅವರ ಎಣಿಕೆ. ಆ ಗೊರಟೆಯಿಂದಲೇ ಮರ ಹುಟ್ಟಿದ್ದು ಎಂದು ನನ್ನ ವಾದ. ಅವರ ದೂರುಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತೇನೆ.

‘ಹೊಡೆದಾಟ ಶುರುವಾದರೆ ಕಥೆ ನಿಂತುಹೋಗುತ್ತದೆ, ಪುಟ ತುಂಬಿಸಲು ಗುದ್ದಿಸುತ್ತಾರೆ’ ಎಂಬುದು ಮೊದಲ ದೂರು. ಇದಕ್ಕೆ ನಾನು ಯಾವಾಗಲೂ ಎದುರಿಗಿಡುವುದು 1965ರಲ್ಲಿ ಬಂದ ‘ಫೆಂಟಾಸ್ಟಿಕ್ ಫೋರ್’ 40ನೇ ಸಂಚಿಕೆಯನ್ನು. ಚಿತ್ರ ಜ್ಯಾಕ್ ಕರ್ಬಿಯದು, ಮಾತು ಸ್ಟ್ಯಾನ್ ಲೀಯದು. ನಾಲ್ವರೂ ತಮ್ಮ ಶಕ್ತಿ ಕಳೆದುಕೊಂಡಿದ್ದಾರೆ. ಡಾಕ್ಟರ್ ಡೂಮ್ ಅವರ ಕಟ್ಟಡವನ್ನೇ ಹಿಡಿದು ಕೂತು, ಅವರ ಯಂತ್ರಗಳನ್ನೇ ಅವರ ಮೇಲೆ ತಿರುಗಿಸಿದ್ದಾನೆ. ಈ ಶಕ್ತಿನಾಶ ಬೆನ್ ಗ್ರಿಮ್ ಒಬ್ಬನಿಗೆ ಮಾತ್ರ ವರವಾಗಿ ಬಂದಿದೆ. ಕಲ್ಲಿನಂಥ ಮೈ ಹೋಗಿ ಮನುಷ್ಯನ ಚರ್ಮ ಮರಳಿದೆ. ಆದರೆ ಡೂಮ್‌ನನ್ನು ತಡೆಯಲು ಬೇರೆ ದಾರಿ ಕಾಣದ ಗೆಳೆಯ ರೀಡ್ ರಿಚರ್ಡ್ಸ್, ಬೆನ್‌ನ ಮನಸ್ಸಿಗೆ ವಿರುದ್ಧವಾಗಿ ಅವನನ್ನು ಮತ್ತೆ ಕಲ್ಲಾಗಿಸುತ್ತಾನೆ.

ಅನಂತರದ ಕಾದಾಟವನ್ನು ನೋಡಬೇಕು. ಡೂಮ್‌ನ ಮೇಲೆ ಬೀಳುವ ಒಂದೊಂದು ಏಟಿನಲ್ಲೂ ರೀಡ್‌ನ ಮೇಲಿನ ಸಿಟ್ಟಿದೆ. ಮರಳಿ ಸಿಕ್ಕ ಮೈ ಮತ್ತೆ ಕೈತಪ್ಪಿದವನ ಸಂಕಟವಿದೆ. ಕೊನೆಗೆ ಬೆನ್, ಡೂಮ್‌ನ ಲೋಹದ ಕೈಗವಸುಗಳನ್ನು ಒಳಗಿನ ಕೈಗಳ ಸಮೇತ ಹಿಸುಕಿ ಹಾಕುತ್ತಾನೆ; ರೀಡ್ ತಡೆದಾಗಲೇ ನಿಲ್ಲುತ್ತಾನೆ. ಗೆದ್ದ ಬೆನ್ನಿಗೇ ತಂಡ ಬಿಟ್ಟು ನಡೆಯುತ್ತಾನೆ. ಈ ಪುಟಗಳನ್ನು ಕತ್ತರಿಸಿ ತೆಗೆದರೆ ಕಥೆ ಹಗುರವಾಗುವುದಿಲ್ಲ, ಕಥೆಯೇ ಇರುವುದಿಲ್ಲ. ಗೆಳೆಯನಿಗೆ ಹೇಳಲಾರದ್ದನ್ನು ಬೆನ್ ಹಗೆಯ ಮೈಮೇಲೆ ಹೇಳುತ್ತಿದ್ದಾನೆ.

ಇದಕ್ಕೆ ಕಸುಬಿನ ಕಾರಣವೂ ಇದೆ. ಆ ಕಾಲದ ಮಾರ್ವೆಲ್‌ನಲ್ಲಿ ಚಿತ್ರಕಾರನ ಕೈಗೆ ಸಿಗುತ್ತಿದ್ದದ್ದು ಕಥೆಯ ಎಳೆ ಮಾತ್ರ, ಕೆಲವು ಸಲ ಬಾಯಿಮಾತಿನಲ್ಲೇ. ಅವನು ಇಡೀ ಸಂಚಿಕೆ ಬರೆದು ಮುಗಿಸಿದ ಮೇಲೆ ಸಂಭಾಷಣೆ ತುಂಬುತ್ತಿದ್ದರು. ಹಾಗಾಗಿ ಕರ್ಬಿ ಕಥೆಯನ್ನು ಯೋಚಿಸುತ್ತಿದ್ದದ್ದೇ ಮೈಗಳ ಮೂಲಕ: ಯಾರು ಮುಂದೆ ಬಾಗಿದ್ದಾರೆ, ಯಾರ ಕಾಲು ನೆಲ ಬಿಟ್ಟಿದೆ, ಯಾರ ಬೆನ್ನು ಗೋಡೆಗೆ ತಾಗಿದೆ. ಮಾತು ಬಂದದ್ದು ಆಮೇಲೆ.

‘ಗೆಲ್ಲುವವನು ಯಾರೆಂದು ಮೊದಲೇ ಗೊತ್ತಿರುವಾಗ ಕುತೂಹಲ ಎಲ್ಲಿಂದ?’ ಎಂಬ ಎರಡನೆಯ ದೂರು ಕನ್ನಡಿಗರ ಬಾಯಿಂದ ಬಂದಾಗ ನನಗೆ ಆಶ್ಚರ್ಯವಾಗುತ್ತದೆ. ರನ್ನನ ‘ಗದಾಯುದ್ಧ’ವನ್ನು ಸಾವಿರ ವರ್ಷದಿಂದ ಓದುತ್ತ ಬಂದವರು ನಾವು. ಭೀಮನ ಗದೆ ತೊಡೆ ಮುರಿಯುತ್ತದೆ ಎಂಬುದು ಮಗುವಿಗೂ ಗೊತ್ತು. ಯಕ್ಷಗಾನದಲ್ಲಿ ಅದೇ ಪ್ರಸಂಗಕ್ಕೆ ಬೆಳಗಿನ ಜಾವದವರೆಗೆ ಜನ ಕೂತಿರುತ್ತಿದ್ದರಲ್ಲ, ಫಲಿತಾಂಶ ತಿಳಿಯಲೆಂದೇ? ಬೀಳುವವನು ಹೇಗೆ ಬೀಳುತ್ತಾನೆ, ಬೀಳುವ ಮುನ್ನ ಎಷ್ಟು ಎತ್ತರಕ್ಕೆ ನಿಲ್ಲುತ್ತಾನೆ ಎಂಬುದನ್ನು ಕಾಣಲು ಅವರು ಕೂತದ್ದು.

ನಾನು ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ಒಂದು ಕಾಮಿಕ್ಸ್ ಸಿಕ್ಕಿತ್ತು. ಹಿಂದಿನ ರಟ್ಟಿಲ್ಲ, ಕೊನೆಯ ನಾಲ್ಕೈದು ಪುಟ ಹರಿದುಹೋಗಿದ್ದವು. ಅದರ ಕಾದಾಟವನ್ನು ಇಡೀ ಒಂದು ಬೇಸಿಗೆ ಮತ್ತೆ ಮತ್ತೆ ಓದಿದೆ. ಯಾರು ಗೆದ್ದರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಪುಟಗಳು ಬೇಕಿತ್ತು ಎಂದು ಒಂದು ದಿನವೂ ಅನಿಸಲಿಲ್ಲ.

ಇನ್ನು, ಸೂಪರ್‌ಹೀರೋ ಯಾವಾಗಲೂ ಗೆಲ್ಲುತ್ತಾನೆ ಎನ್ನುವವರು 1965ರ ‘ಡೇರ್‌ಡೆವಿಲ್’ 7ನೇ ಸಂಚಿಕೆ ಓದಿರಲಾರರು. ಬರೆದದ್ದು ಲೀ, ಚಿತ್ರ ವಾಲಿ ವುಡ್. ಕಡಲೊಳಗಿನ ರಾಜ್ಯದ ಅರಸು ನೇಮರ್, ಭೂಮಿಯ ಮನುಷ್ಯರ ಮೇಲೆ ದಾವೆ ಹೂಡಬೇಕೆಂದು ನ್ಯೂಯಾರ್ಕಿನ ವಕೀಲರ ಕಚೇರಿಗೆ ಬರುತ್ತಾನೆ. ಆ ವಕೀಲರಲ್ಲಿ ಒಬ್ಬ ಕುರುಡ ಮ್ಯಾಟ್ ಮರ್ಡಾಕ್, ಅಂದರೆ ಡೇರ್‌ಡೆವಿಲ್. ಪ್ರಕರಣ ಕೈಮೀರಿ ನೇಮರ್ ಬೀದಿಗಿಳಿದಾಗ ಅವನನ್ನು ತಡೆಯಲು ಇವನೊಬ್ಬನೇ ಅಡ್ಡ ನಿಲ್ಲುತ್ತಾನೆ. ಕಟ್ಟಡ ಅಲುಗಾಡಿಸಬಲ್ಲ ಒಬ್ಬನ ಮುಂದೆ ಬರಿಯ ಮನುಷ್ಯನ ಮೈಯ ಇನ್ನೊಬ್ಬ. ಗೆಲ್ಲುವ ಮಾತೇ ಇಲ್ಲ, ಅದು ಅವನಿಗೂ ಗೊತ್ತು. ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಕೊನೆಗೆ ಎಚ್ಚರ ತಪ್ಪಿ ಬಿದ್ದವನನ್ನು ನೋಡುತ್ತ ನೇಮರ್ ನಿಲ್ಲುತ್ತಾನೆ. ಇಷ್ಟು ದುರ್ಬಲನೊಬ್ಬ ಇಷ್ಟು ಹೊತ್ತು ಎದುರು ನಿಂತನೆಂಬ ಗೌರವದಿಂದಲೇ ಇನ್ನಾರಿಗೂ ಕೇಡು ಮಾಡದೆ ಕಡಲಿಗೆ ಮರಳುತ್ತಾನೆ. ಸೋತವನ ಕೆಲಸ ಆಯಿತು. ಇಲ್ಲಿ ಹೊಡೆದಾಟ ತೂಗಿದ್ದು ತೋಳನ್ನಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ದೂರು ಮಕ್ಕಳು ಕೆಡುತ್ತಾರೆ ಎಂಬುದು. ಇದು ಎಪ್ಪತ್ತು ವರ್ಷ ಹಳೆಯದು, ಇದಕ್ಕೊಬ್ಬ ದೊಡ್ಡ ವಕೀಲ ಇದ್ದ: ಮನೋವೈದ್ಯ ಫ್ರೆಡ್ರಿಕ್ ವರ್ಥಮ್. 1954ರಲ್ಲಿ ಅವನ ‘ಸೆಡಕ್ಷನ್ ಆಫ್ ದಿ ಇನೋಸೆಂಟ್’ ಬಂತು, ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ವರ್ಥಮ್‌ನನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗಾಗಿ ಅತಿ ಕಡಿಮೆ ಶುಲ್ಕದ ಮಾನಸಿಕ ಚಿಕಿತ್ಸಾಲಯ ನಡೆಸಿದವನು ಅವನು. ಮಕ್ಕಳ ಮೇಲಿನ ಕಾಳಜಿ ನಿಜವಾದದ್ದು. ಆದರೆ ಸಾಕ್ಷ್ಯ ನಿಜವಾದದ್ದಾಗಿರಲಿಲ್ಲ. ಅವನ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದಾಗ ವಿದ್ವಾಂಸೆ ಕ್ಯಾರಲ್ ಟಿಲ್ಲಿ ಅವನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿದರು. ಹಲವು ಮಕ್ಕಳ ಮಾತನ್ನು ಒಬ್ಬನ ಬಾಯಲ್ಲಿಟ್ಟದ್ದು, ಒಬ್ಬನ ಮಾತನ್ನು ಹಲವರಿಗೆ ಹಂಚಿದ್ದು, ಮಗುವಿನ ಬದುಕಿನಲ್ಲಿದ್ದ ಬೇರೆ ಸಂಕಟಗಳನ್ನು ಮರೆಮಾಚಿ ಕಾಮಿಕ್ಸ್ ಒಂದನ್ನೇ ದೂಷಿಸಿದ್ದು ಎಲ್ಲ ಹೊರಬಿತ್ತು. 2012ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇಂದು ಈ ದೂರನ್ನು ಎತ್ತುವವರು ಹೊಸ ಸಾಕ್ಷ್ಯ ತರಬೇಕು.

ಇದರ ಜೊತೆಗೆ ಇನ್ನೊಂದು ಸಂಗತಿ. ಆ ಗದ್ದಲಕ್ಕೆ ಹೆದರಿದ ಪ್ರಕಾಶಕರು 1954ರಲ್ಲಿ ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಪ್ರತಿಯೊಂದು ಕಥೆಯಲ್ಲೂ ಒಳ್ಳೆಯದು ಕೆಟ್ಟದ್ದನ್ನು ಗೆಲ್ಲಲೇಬೇಕು ಎಂಬುದು ಅದರ ಒಂದು ಕಲಮು. ಅಂದರೆ ಎರಡನೆಯ ದೂರಿನವರು ಬೇಸರಪಡುವ ಆ ಖಚಿತ ಗೆಲುವನ್ನು ಕಾನೂನಿನಂತೆ ಹೇರಿಸಿದ್ದು ಮೂರನೆಯ ದೂರಿನವರೇ.

ಎಲ್ಲಕ್ಕಿಂತ ಗಂಭೀರವಾದದ್ದು ನಾಲ್ಕನೆಯ ದೂರು, ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ‘ಬಲವಿದ್ದವನೇ ಸರಿ ಎಂದು ಈ ಪುಟಗಳು ಕಲಿಸುತ್ತವೆ, ಎಲ್ಲದಕ್ಕೂ ಗುದ್ದೇ ಪರಿಹಾರ ಎನ್ನುತ್ತವೆ.’ ಕೆಲವು ಪುಸ್ತಕಗಳ ಮಟ್ಟಿಗೆ ಈ ಮಾತು ನಿಜ. 1974ರಲ್ಲಿ ಮೊದಲು ಕಾಣಿಸಿಕೊಂಡ ಪನಿಶರ್‌ನ ತಲೆಬುರುಡೆ ಚಿಹ್ನೆಯನ್ನು ಅಮೆರಿಕದ ಕೆಲವು ಪೊಲೀಸರು ತೊಟ್ಟು ತಿರುಗಿದಾಗ, ಆ ಪಾತ್ರವನ್ನು ಹುಟ್ಟಿಸಿದವರಲ್ಲೊಬ್ಬನಾದ ಜೆರಿ ಕಾನ್ವೇ ಬಹಿರಂಗವಾಗಿ ವಿರೋಧಿಸಬೇಕಾಯಿತು. ಆದರೆ ಗಮನಿಸಿ, ಪನಿಶರ್‌ನ ಕೈಯಲ್ಲಿರುವುದು ಬಂದೂಕು. ಗುಂಡು ಹೊರಟ ಮೇಲೆ ಮನಸ್ಸು ಬದಲಿಸಲು ಆಗದು, ಹೊಡೆದವನು ಹೊಡೆಸಿಕೊಂಡವನ ಮುಖ ನೋಡಬೇಕಾಗಿಯೂ ಇಲ್ಲ. ಗುದ್ದಲು ಹತ್ತಿರ ಹೋಗಬೇಕು. ಇಬ್ಬರೂ ಒಂದೇ ಚೌಕಟ್ಟಿನೊಳಗೆ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಇರಬೇಕು. ಒಂದು ಗುದ್ದಿಗೂ ಇನ್ನೊಂದಕ್ಕೂ ನಡುವೆ ಕೈ ತಡೆದುಕೊಳ್ಳುವ ಅವಕಾಶ ಇದ್ದೇ ಇರುತ್ತದೆ. ನೇಮರ್ ಕೈ ತಡೆದದ್ದು ಅಂಥದೊಂದು ನಡುವಿನಲ್ಲಿ. ರೀಡ್, ಬೆನ್‌ನನ್ನು ತಡೆದದ್ದೂ ಹಾಗೆಯೇ. ಕೈ ಎತ್ತಿದವನು ನಿಲ್ಲಿಸುತ್ತಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ಪ್ರತಿ ಚೌಕಟ್ಟಿನಲ್ಲೂ ಕೇಳುವ ಕಲೆಯನ್ನು ಬಲದ ಪೂಜೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಆ ಕೈಗಳನ್ನು ಬರೆದವರು ಯಾರೆಂದೂ ನೋಡಬೇಕು. ಕರ್ಬಿ 1917ರಲ್ಲಿ ಹುಟ್ಟಿದ್ದು ಜೇಕಬ್ ಕರ್ಟ್ಸ್‌ಬರ್ಗ್ ಆಗಿ, ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನ ಬಡ ಯಹೂದಿ ವಲಸಿಗರ ಮನೆಯಲ್ಲಿ. ಕೇರಿ ಕೇರಿಗಳ ನಡುವೆ ಹುಡುಗರ ಹೊಡೆದಾಟ ನಿತ್ಯದ ಸಂಗತಿಯಾಗಿದ್ದ ಜಾಗ ಅದು. ಮಾಳಿಗೆಗಳ ಮೇಲೆ, ಕಬ್ಬಿಣದ ಹೊರಮೆಟ್ಟಿಲುಗಳಲ್ಲಿ ಹೊಡೆದು ಹೊಡೆಸಿಕೊಂಡು ಬೆಳೆದ ಹುಡುಗನಿಗೆ ಗುದ್ದು ಬಿದ್ದಾಗ ಮೈ ಹೇಗೆ ತಿರುಚಿಕೊಳ್ಳುತ್ತದೆಂದು ಪುಸ್ತಕ ನೋಡಿ ಕಲಿಯಬೇಕಾಗಿರಲಿಲ್ಲ. 1940ರ ಡಿಸೆಂಬರಿನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗ, ಅವನೂ ಜೋ ಸೈಮನ್‌ನೂ ಸೇರಿ ‘ಕ್ಯಾಪ್ಟನ್ ಅಮೆರಿಕ’ದ ಮೊದಲ ಸಂಚಿಕೆ ಹೊರತಂದರು. ಮುಖಪುಟದಲ್ಲಿ ನಾಯಕನ ಮುಷ್ಟಿ ಹಿಟ್ಲರನ ದವಡೆಗೆ ಬಿದ್ದಿತ್ತು. ಇದಕ್ಕಾಗಿ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು. ಮುಂದೆ 1944ರಲ್ಲಿ ಕರ್ಬಿ ಕಾಲಾಳು ಸೈನಿಕನಾಗಿ ಫ್ರಾನ್ಸಿನ ನೆಲಕ್ಕಿಳಿದ; ಚಳಿಗೆ ಹೆಪ್ಪುಗಟ್ಟಿದ ಕಾಲುಗಳನ್ನು ಕಳೆದುಕೊಳ್ಳುವ ಹಂತಕ್ಕೆ ಬಂದು ಆಸ್ಪತ್ರೆ ಸೇರಿದ. ಆ ಮುಖಪುಟದ ಗುದ್ದು ಬಲ್ಲಿದನ ಅಹಂಕಾರವೇ? ತನ್ನ ಜನರನ್ನು ಕೊಲ್ಲುತ್ತಿದ್ದವನ ಮುಂದೆ ಇಪ್ಪತ್ತಮೂರು ವರ್ಷದ ಹುಡುಗನೊಬ್ಬನ ಕೈಯಲ್ಲಿದ್ದದ್ದು ಒಂದು ಪೆನ್ಸಿಲ್.

‘ಹೊಡೆಯುತ್ತಾ ಯಾರಾದರೂ ಅಷ್ಟುದ್ದ ಮಾತಾಡುತ್ತಾರೆಯೇ?’ ಎಂಬ ಐದನೆಯ ದೂರಿಗೆ ಎರಡೇ ಮಾತು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆ ಎಳೆದದ್ದು ಭೀಮನ ಗದೆಯಲ್ಲ, ಅವನ ಮಾತು. ಕಾದಾಟದ ನಡುವಿನ ಮಾತನ್ನು ಅಸಹಜ ಎನ್ನುವವರು ಯಕ್ಷಗಾನದ ಅರ್ಥಗಾರಿಕೆಗೂ ಅದನ್ನೇ ಹೇಳಬೇಕಾಗುತ್ತದೆ.

‘ಸಿನೆಮಾದಲ್ಲಿ ಇದಕ್ಕಿಂತ ಚೆನ್ನಾಗಿ ಬರುತ್ತದಲ್ಲ’ ಎಂದು ಇತ್ತೀಚೆಗೆ ಹೇಳುವವರು ಹೆಚ್ಚಾಗಿದ್ದಾರೆ. ನಾನು ಒಪ್ಪುವುದಿಲ್ಲ. ಪರದೆಯ ಮೇಲೆ ಗುದ್ದು ತನ್ನ ವೇಗದಲ್ಲಿ ಬಂದು ಹೋಗುತ್ತದೆ, ನಾವು ಕೂತು ನೋಡುತ್ತೇವೆ. ಕಾಮಿಕ್ಸ್‌ನಲ್ಲಿ ಒಂದು ಚೌಕಟ್ಟಿನಲ್ಲಿ ಕೈ ಹಿಂದಕ್ಕೆ ಹೋಗಿದೆ, ಮುಂದಿನ ಚೌಕಟ್ಟಿನಲ್ಲಿ ಎದುರಾಳಿ ಗಾಳಿಯಲ್ಲಿದ್ದಾನೆ. ಏಟು ಬಿದ್ದದ್ದು ಎಲ್ಲಿ? ಎರಡರ ನಡುವಿನ ಆ ಬೆರಳಗಲ ಬಿಳಿ ಜಾಗದಲ್ಲಿ. ಚಿತ್ರಕಾರ ಅದನ್ನು ಬರೆದೇ ಇಲ್ಲ, ಓದುಗ ತಾನೇ ಹೊಡೆದಿದ್ದಾನೆ. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಬರೆದ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ಈ ಖಾಲಿ ಜಾಗದ ಕೆಲಸವನ್ನು ವಿವರವಾಗಿ ಬಿಡಿಸಿಟ್ಟಿದ್ದಾನೆ. ಆ ಏಟಿನ ಹೊಣೆಯಲ್ಲಿ ನಮಗೂ ಪಾಲಿದೆ ಎಂಬುದು ಪುಟ ತಿರುಗಿಸುವ ಕೈಗೆ ಗೊತ್ತಾಗುತ್ತದೆ. ಬೇಕಾದರೆ ಅಲ್ಲೇ ನಿಂತು ಹಿಂದಿನ ಚೌಕಟ್ಟಿಗೆ ಹೋಗಿ, ಇದು ಆಗಲೇಬೇಕಿತ್ತೇ ಎಂದು ನೋಡಬಹುದು. ಚಿತ್ರಮಂದಿರ ನಮಗೆ ಅಷ್ಟು ಪುರುಸೊತ್ತು ಕೊಡುವುದಿಲ್ಲ.

ಒಂದು ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ: ಎಷ್ಟೋ ಕಾದಾಟಗಳಲ್ಲಿ ಊರೇ ಉರುಳಿದರೂ ಒಬ್ಬನೂ ಸಾಯುವುದಿಲ್ಲ. ಇಬ್ಬರು ನಾಯಕರು ಬರಿಯ ತಪ್ಪುತಿಳಿವಳಿಕೆಯಿಂದ ಹತ್ತು ಪುಟ ಬಡಿದಾಡಿ ಆಮೇಲೆ ಕೈಕುಲುಕುವ ಕಥೆಗಳಿಗಂತೂ ನನ್ನ ಬಳಿ ಸಮರ್ಥನೆ ಇಲ್ಲ. ಅವು ಸೋಮಾರಿ ಕಥೆಗಳು. ಆದರೆ ಈ ಲೆಕ್ಕವನ್ನು ಕೇಳಿದವರೂ ಕಾಮಿಕ್ಸ್‌ನವರೇ. ಅಲನ್ ಮೂರ್ ಬರೆದು ಜಾನ್ ಟಾಟಲ್‌ಬೆನ್ ಚಿತ್ರಿಸಿದ, 1988ರ ‘ಮಿರಾಕಲ್‌ಮ್ಯಾನ್’ 15ನೇ ಸಂಚಿಕೆಯಲ್ಲಿ ಲಂಡನ್ನಿನ ಮೇಲೆ ಅತಿಮಾನವರ ಕಾಳಗ ನಡೆಯುತ್ತದೆ. ಹಿಂದಿನ ನೂರಾರು ಕಥೆಗಳು ಎಣಿಸದೆ ಬಿಟ್ಟ ಹೆಣಗಳೆಲ್ಲ ಅಲ್ಲಿ ಒಟ್ಟಿಗೆ ಕಾಣಿಸುತ್ತವೆ. ಆ ಪುಟಗಳನ್ನು ಎರಡನೆಯ ಸಲ ತೆರೆಯಲು ನನಗೆ ವರ್ಷಗಳೇ ಹಿಡಿದವು. ಹೊಡೆದಾಟದ ಸುಳ್ಳಿಗೆ ಅಷ್ಟು ಕಟುವಾದ ಉತ್ತರ ಬಂದದ್ದು ಇನ್ನೊಂದು ಹೊಡೆದಾಟದಿಂದಲೇ.

ಉಳಿದದ್ದು ಕೊನೆಯ ದೂರು: ಮನುಷ್ಯನ ಒಳತೋಟಿ ದೊಡ್ಡದು, ಮೈಯ ಕುಸ್ತಿ ಚಿಕ್ಕದು. ಇದನ್ನು ಹೇಳುವವರ ಕೈಗೆ ನಾನು 1966ರ ಆರಂಭದ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 33ನೇ ಸಂಚಿಕೆ ಕೊಡುತ್ತೇನೆ. ಕಥೆಯ ಹಂದರ, ಚಿತ್ರ ಎರಡೂ ಸ್ಟೀವ್ ಡಿಟ್ಕೋನದು. ನೀರಿನಡಿಯ ಅಡಗುತಾಣದಲ್ಲಿ ಒಂದು ಬೃಹತ್ ಯಂತ್ರ ಪೀಟರ್‌ನ, ಅಂದರೆ ಸ್ಪೈಡರ್‌ಮ್ಯಾನ್‌ನ, ಬೆನ್ನ ಮೇಲೆ ಬಿದ್ದಿದೆ. ಚಾವಣಿಯಿಂದ ನೀರು ಸೋರುತ್ತಿದೆ. ಚಿಕ್ಕಮ್ಮ ಮೇ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅವಳ ಔಷಧಿಯ ಡಬ್ಬಿ ಎದುರಿಗೇ ಬಿದ್ದಿದೆ, ಕೈಗೆ ಎಟುಕುವುದಿಲ್ಲ. ಅವಳ ಮೈಗೆ ವಿಷವಾದದ್ದು ಇವನೇ ಕೊಟ್ಟ ರಕ್ತ. ಇಲ್ಲಿ ಎದುರಾಳಿ ಯಾರೂ ಇಲ್ಲ. ಎರಡು ಭುಜ, ಒಂದು ಕಬ್ಬಿಣದ ರಾಶಿ, ಹಿಂದೊಮ್ಮೆ ಚಿಕ್ಕಪ್ಪ ಬೆನ್‌ನನ್ನು ಉಳಿಸಿಕೊಳ್ಳಲಾಗದೆ ಹೋದ ನೆನಪು. ಡಿಟ್ಕೋ ಪುಟದಿಂದ ಪುಟಕ್ಕೆ ಆ ಭಾರವನ್ನು ಅಂಗುಲ ಅಂಗುಲವಾಗಿ ಮೇಲೆತ್ತಿಸುತ್ತಾನೆ. ಕೊನೆಗೆ ಪೂರ್ತಿ ಒಂದು ಪುಟ: ಯಂತ್ರ ತಲೆಯ ಮೇಲಿದೆ, ಕೆಳಗೆ ಹುಡುಗ ನಿಂತಿದ್ದಾನೆ. ಪುಟ ತಿರುಗಿಸಿದರೆ ನೀರು ನುಗ್ಗುತ್ತದೆ, ಅದರಾಚೆ ಖಳನ ಆಳುಗಳು ಕಾದಿದ್ದಾರೆ. ಪೀಟರ್ ಔಷಧಿಯ ಡಬ್ಬಿ ಹಿಡಿದು, ಅರೆ ಎಚ್ಚರದಲ್ಲಿ, ಅವರ ನಡುವೆ ಹೊಡೆದಾಡುತ್ತಲೇ ದಾರಿ ಮಾಡಿಕೊಳ್ಳುತ್ತಾನೆ.