ಮೊದಲು ತಮ್ಮ ಅಂಗಳವನ್ನು ಅಳೆಯಲಿ

ಮಳೆಗಾಲ ಕಳೆದು ದಾರಿ ಒಣಗಿತೆಂದರೆ ನಮ್ಮ ಮಲೆನಾಡಿನ ಊರುಗಳಿಗೆ ವಿದ್ಯಾರ್ಥಿಗಳ ತಂಡಗಳು ಬರತೊಡಗುತ್ತವೆ. ದಿನಕ್ಕೆ ಎಷ್ಟು ಹೊರೆ ಸೌದೆ ಉರಿಸುತ್ತೀರಿ, ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ, ಬೆಟ್ಟದಿಂದ ಎಷ್ಟು ಸೊಪ್ಪು ತರುತ್ತೀರಿ ಎಂಬ ಪ್ರಶ್ನಾವಳಿ ಅವರ ಕೈಯಲ್ಲಿರುತ್ತದೆ. ನಾವು ಚಹಾ ಕೊಟ್ಟು ಉತ್ತರ ಹೇಳಿ ಕಳುಹಿಸುತ್ತೇವೆ. ಹೀಗೆ ಬಂದ ತಂಡವೊಂದನ್ನು ನಮ್ಮೂರಿನ ಹಿರಿಯ ತಾಯಿಯೊಬ್ಬರು ಕೇಳಿದರು: "ನಿಮ್ಮ ಹಾಸ್ಟೆಲಿನ ಅಡುಗೆಗೆ ದಿನಕ್ಕೆ ಎಷ್ಟು ಸೌದೆ ಬೇಕು ಮಗಾ?" ಯಾರಿಗೂ ತಿಳಿದಿರಲಿಲ್ಲ. ಅದನ್ನು ಯಾರೂ ಅಳೆದೇ ಇರಲಿಲ್ಲ.

ಆ ತಾಯಿ ಮಕ್ಕಳನ್ನು ಹಂಗಿಸಲು ಕೇಳಿದ್ದಲ್ಲ. ಆದರೆ ಆ ಪ್ರಶ್ನೆಯಲ್ಲಿ ನಮ್ಮ ಉನ್ನತ ಶಿಕ್ಷಣದ ಒಂದು ದೊಡ್ಡ ಕೊರತೆ ಅಡಗಿದೆ. ಕಾಲೇಜಿನ ಆವರಣವೂ ಒಂದು ಊರೇ. ಅಲ್ಲಿಯೂ ನೂರಾರು ಜನ ಉಣ್ಣುತ್ತಾರೆ, ಮೀಯುತ್ತಾರೆ, ದೀಪ ಉರಿಸುತ್ತಾರೆ, ಕಸ ಚೆಲ್ಲುತ್ತಾರೆ. ಹಾಸ್ಟೆಲ್ ವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. 500 ಮಂದಿಯ ಹಾಸ್ಟೆಲಿಗೆ ಅದು ದಿನವೊಂದಕ್ಕೆ 67,500 ಲೀಟರ್ ಆಯಿತು. ಬೇಸಿಗೆಯಲ್ಲಿ ಇಷ್ಟು ನೀರನ್ನು ಹಳ್ಳದಿಂದಲೋ ಕೊಳವೆಬಾವಿಯಿಂದಲೋ ಎತ್ತಿದಾಗ ಕೆಳಗಿನ ಊರಿನ ತೋಟಕ್ಕೆ ಏನು ಉಳಿಯುತ್ತದೆ? ಬಳಸಿ ಬಿಟ್ಟ ನೀರು ಯಾರ ಗದ್ದೆಗೆ ಇಳಿಯುತ್ತದೆ? ಸಂಶೋಧನೆಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ?

ಇಂತಹ ಕೆಲಸ ಆಗದ ಮಾತೇನೂ ಅಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯವು 1997ರಲ್ಲಿಯೇ ಸುಸ್ಥಿರ ಅಭಿವೃದ್ಧಿಯ ನೀತಿಯೊಂದನ್ನು ಅಂಗೀಕರಿಸಿತು. ಮುಂದೆ ಕೆಲವೇ ವರ್ಷಗಳಲ್ಲಿ ಅಲ್ಲಿ 'ಸೀಡ್ಸ್' ಎಂಬ ಕಾರ್ಯಕ್ರಮ ಆರಂಭವಾಯಿತು. ಕನ್ನಡದಲ್ಲಿ ಹೇಳುವುದಾದರೆ 'ಬೀಜಗಳು'. ಅದರ ಕ್ರಮ ಸರಳವಾಗಿದೆ. ಆವರಣದ ಕಟ್ಟಡ, ಅಡುಗೆಮನೆ, ಕಸ, ತೋಟಗಳನ್ನು ನೋಡಿಕೊಳ್ಳುವ ಸಿಬ್ಬಂದಿ ತಮ್ಮ ಸಮಸ್ಯೆಯನ್ನು ಮುಂದಿಡುತ್ತಾರೆ. ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಅದನ್ನು ಅಧ್ಯಯನ ಮಾಡುತ್ತಾರೆ. ಈ ಕೆಲಸ ಅವರ ವ್ಯಾಸಂಗದ ಭಾಗವಾಗಿಯೇ ಪರಿಗಣಿತವಾಗುತ್ತದೆ. ವರದಿ ಆ ಸಿಬ್ಬಂದಿಯ ಕೈ ಸೇರುತ್ತದೆ, ಸಾರ್ವಜನಿಕರಿಗೂ ಓದಲು ಸಿಗುತ್ತದೆ.

ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಸುಮಾರು 24 ಹೆಕ್ಟೇರ್ ವಿಸ್ತಾರದ ಕೃಷಿಕ್ಷೇತ್ರವೊಂದಿದೆ. 1990ರ ದಶಕದ ಕೊನೆಯಲ್ಲಿ ಆ ನೆಲವನ್ನು ಮುಂದಿನ ವಸತಿ ನಿರ್ಮಾಣಕ್ಕೆಂದು ಕಾದಿರಿಸಲಾಗಿತ್ತು. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಬರಿಯ ಮನವಿಪತ್ರ ಬರೆದು ಸುಮ್ಮನಾಗಲಿಲ್ಲ. ಅಲ್ಲಿಯೇ ತರಕಾರಿ ಬೆಳೆದು ಮಾರಿದರು, ಅಧ್ಯಯನ ನಡೆಸಿದರು, ಆ ನೆಲ ಏಕೆ ಉಳಿಯಬೇಕೆಂಬುದಕ್ಕೆ ಯೋಜನೆ ಬರೆದುಕೊಟ್ಟರು. 2009ರಲ್ಲಿ ಊರಿನ ಜನರೊಂದಿಗೆ ಕೂಡಿ ದೊಡ್ಡ ಮೆರವಣಿಗೆಯನ್ನೂ ನಡೆಸಿದರು. 2011ರ ಭೂಬಳಕೆ ಯೋಜನೆಯಲ್ಲಿ ವಸತಿಯ ಆ ಗುರುತು ತೆಗೆದುಹಾಕಲ್ಪಟ್ಟಿತು. ಘೋಷಣೆಯ ಹಿಂದೆ ಲೆಕ್ಕ ಇದ್ದರೆ ಅದಕ್ಕೆ ಎಂತಹ ಬಲ ಬರುತ್ತದೆ ಎಂಬುದನ್ನು ಹೋರಾಟದಲ್ಲಿರುವ ನಾವೂ ಮನಗಾಣಬೇಕು.

ಅವರದು ಹಣವಂತ ದೇಶ, ನಮಗೆ ಅದು ಹೇಗೆ ಸಾಧ್ಯ ಎಂದು ಕೆಲವರು ಕೇಳಬಹುದು. ಅಳೆಯುವುದಕ್ಕೆ ಹಣ ಬೇಡ. ಒಂದು ಕೊಡ, ಒಂದು ಗಡಿಯಾರ, ಒಂದು ತಕ್ಕಡಿ, ಕರೆಂಟ್ ಬಿಲ್ಲುಗಳ ಕಟ್ಟು, ಒಂದು ನೋಟ್ ಪುಸ್ತಕ ಇದ್ದರೆ ಸಾಕು. ಸೆಕೆಂಡಿಗೆ ಒಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ನೀರು ಪೋಲಾಗುತ್ತದೆ. ಅಂತಹ ನಲ್ಲಿಗಳು ಎಷ್ಟಿವೆ? ಊಟದ ನಂತರ ಎಷ್ಟು ಕಿಲೋ ಅನ್ನ ಬಕೆಟ್ಟಿಗೆ ಬೀಳುತ್ತದೆ? ಅದರಿಂದ ಅನಿಲ ಸ್ಥಾವರ ನಡೆದೀತೇ? ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 1,000 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 30 ಲಕ್ಷ ಲೀಟರ್ ನೀರು ಸುರಿಯುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹಿಡಿದರೂ ಮೇಲೆ ಹೇಳಿದ ಹಾಸ್ಟೆಲಿನ 35 ದಿನಗಳ ಬಳಕೆಗೆ ಸಮ. ಅಷ್ಟನ್ನೂ ತೊಟ್ಟಿಯಲ್ಲಿ ತುಂಬಿಡಲಾಗದು, ನಿಜ. ಎಷ್ಟನ್ನು ತುಂಬಿಡಬೇಕು, ಎಷ್ಟನ್ನು ಇಂಗಿಸಬೇಕು, ಗುಡ್ಡದ ಮಣ್ಣು ಎಲ್ಲಿ ಇಂಗಿಸುವುದನ್ನು ತಾಳುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದೇ ಸಂಶೋಧನೆಯ ವಿಷಯವಾಗಬೇಕು.

ಇದಕ್ಕೆ ಪಠ್ಯದಲ್ಲಿ ಜಾಗವೂ ಇದೆ. ಸುಪ್ರೀಂ ಕೋರ್ಟು 1991ರಲ್ಲಿ ಪರಿಸರ ಶಿಕ್ಷಣದ ಬಗ್ಗೆ ನಿರ್ದೇಶನ ನೀಡಿತು. ಬಳಿಕ ಯುಜಿಸಿ ಪದವಿ ತರಗತಿಗಳಿಗಾಗಿ ರೂಪಿಸಿದ ಆರು ತಿಂಗಳ ಮಾದರಿ ಪಠ್ಯದಲ್ಲಿ 100 ಅಂಕಗಳ ಪೈಕಿ 25 ಅಂಕಗಳನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡಲಾಗಿತ್ತು. ಆ ಕ್ಷೇತ್ರ ದೂರದ ಜಲಪಾತವೇ ಆಗಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ಎಷ್ಟೋ ಕಡೆ ಅದು ಒಂದು ದಿನದ ಪ್ರವಾಸವಾಗಿ, ಹಿಂದಿನ ವರ್ಷದ ವರದಿಯ ನಕಲಾಗಿ ಮುಗಿದುಹೋಯಿತು.

ವಿದ್ಯಾರ್ಥಿಗಳು ದುಡಿದರಷ್ಟೇ ಸಾಲದು. ವರದಿ ಕೈಸೇರಿದ ಆಡಳಿತವು ಉತ್ತರ ಕೊಡಲೇಬೇಕೆಂಬ ನಿಯಮ ಬೇಕು. ಇದನ್ನು ಮಾಡುತ್ತೇವೆ, ಇದನ್ನು ಮಾಡಲಾಗದು, ಕಾರಣ ಇಂತಿದೆ ಎಂದು ಬರೆದುಕೊಡಲಿ. ಮುಂದಿನ ವರ್ಷದ ತಂಡ ಅಲ್ಲಿಂದಲೇ ಮುಂದುವರಿಯಲಿ. ಪ್ರಶ್ನೆ ಕೇಳುವವರ ಸಾಲಿನಲ್ಲಿ ಅಡುಗೆಯವರು, ಪಂಪ್ ನಡೆಸುವವರು, ಕಸ ಗುಡಿಸುವವರು ಇರಲಿ. ಆವರಣದ ನಿಜವಾದ ಲೆಕ್ಕ ಗೊತ್ತಿರುವುದು ಅವರಿಗೇ. ಹಳ್ಳದ ಕೆಳಭಾಗದ ಊರಿನವರಿಗೂ ಅಲ್ಲೊಂದು ಜಾಗ ಇರಲಿ.

ಊರಿನ ಬಂಧುಗಳಲ್ಲಿ ಒಂದು ವಿನಂತಿ. ಈ ಸಲ ವಿದ್ಯಾರ್ಥಿಗಳು ಬಂದಾಗ ಎಂದಿನಂತೆ ಆದರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ. ಆಮೇಲೆ ಆ ತಾಯಿ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿ. ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಬರುವಾಗ ನಿಮ್ಮ ಹಾಸ್ಟೆಲಿನ ಲೆಕ್ಕವನ್ನೂ ತನ್ನಿ. ಎರಡೂ ಲೆಕ್ಕಗಳನ್ನು ಒಂದೇ ಜಗಲಿಯ ಮೇಲಿಟ್ಟು ಮಾತನಾಡೋಣ.