ಬೆಚ್ಚಗಿನ ಬೋರ್‌ವೆಲ್ ನೀರು ಔಷಧಿಯೇ? ಜಪಾನಿನ ಒನ್ಸೆನ್‌ನಿಂದ ತೊಂಡೇಬಾವಿಯವರೆಗೆ

ಡಿಸೆಂಬರ್ ತಿಂಗಳ ಮುಂಜಾನೆ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಕಡೆ ತೋಟದ ಮೋಟಾರು ಹಾಕಿದರೆ, ಪೈಪಿನಿಂದ ಬೀಳುವ ಬೋರ್‌ವೆಲ್ ನೀರಿನ ಮೇಲೆ ತೆಳುವಾಗಿ ಹಬೆಯಾಡುತ್ತದೆ. ಕೈಯೊಡ್ಡಿದರೆ ನೀರು ಬೆಚ್ಚಗಿರುತ್ತದೆ. ಅಲ್ಲಿನ ಪರಿಚಿತರೊಬ್ಬರು ಇಂಥದೊಂದು ವಿಡಿಯೊ ಕಳಿಸಿದ್ದರು. ಅದರ ಜೊತೆಗೆ ಜಪಾನಿನ ಬಿಸಿನೀರಿನ ಬುಗ್ಗೆಯ ಹೋಟೆಲೊಂದರ ರೀಲ್ಸ್ ಕೂಡ ಇತ್ತು. "ನಮ್ಮದೂ ಇದೇ ಥರದ್ದು ತಾನೆ? ಅಮ್ಮಂಗೆ ಮಂಡಿನೋವು. ದಿನಾ ಇದರಲ್ಲೇ ಸ್ನಾನ ಮಾಡ್ತಾರೆ. ಒಳ್ಳೇದು ಅಂತ ಎರಡು ಲೋಟ ಕುಡೀತಾರೆ. ಫಿಲ್ಟರ್ ನೀರು ತರೋದೂ ಬಿಟ್ಟಿದ್ದೀವಿ" ಎಂದು ಬರೆದಿದ್ದರು. ಮೊದಲ ಪ್ರಶ್ನೆ ಓದಿ ನಮಗೆ ಕುತೂಹಲವಾಯಿತು, ಕೊನೆಯ ಮಾತು ಓದಿ ಗಾಬರಿಯಾಯಿತು.

ರೀಲ್ಸ್‌ನಲ್ಲಿ ಇದ್ದದ್ದು 'ರ್ಯೋಕಾನ್', ಅಂದರೆ ಜಪಾನಿನ ಸಾಂಪ್ರದಾಯಿಕ ತಂಗುಮನೆ. ನೆಲದಿಂದ ಬರುವ ಬಿಸಿನೀರಿಗೆ ಅಲ್ಲಿ 'ಒನ್ಸೆನ್' ಎನ್ನುತ್ತಾರೆ. ಆ ದೇಶದಲ್ಲಿ ಇಂಥ ನೀರಿನ ಮೂಲಗಳು ಸುಮಾರು 27 ಸಾವಿರ ಇವೆ. ಯಾಮಾನಾಶಿ ಪ್ರಾಂತ್ಯದಲ್ಲಿರುವ ಕೇಯುನ್‌ಕಾನ್ ಎಂಬ ತಂಗುಮನೆ ಕ್ರಿ.ಶ. 705ರಲ್ಲಿ ಶುರುವಾದದ್ದೆಂದು ಹೇಳಿಕೊಳ್ಳುತ್ತದೆ; ಜಗತ್ತಿನ ಅತಿ ಹಳೆಯ ಹೋಟೆಲ್ ಎಂಬ ಗಿನ್ನೆಸ್ ದಾಖಲೆಯೂ ಅದರದ್ದೇ. ಬಂದವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ, ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಡುತ್ತಾರೆ, ಚಾಪೆ ಹಾಸಿದ ಕೋಣೆಯಲ್ಲಿ ನೆಲದ ಮೇಲಿನ ಹಾಸಿಗೆಯಲ್ಲಿ ಮಲಗುತ್ತಾರೆ. ಇದರಲ್ಲಿ ನಮ್ಮ ಅಜ್ಜಿ ಮನೆಗೆ ಹೊಸದೆನಿಸುವಂಥದ್ದು ಹೆಚ್ಚೇನೂ ಇಲ್ಲ. ಹೊಸದು ಅನ್ನಿಸುವುದು ಸ್ನಾನದ ಕ್ರಮ. ಮೊದಲು ಪುಟ್ಟ ಮಣೆಯ ಮೇಲೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಳ್ಳಬೇಕು. ಬಟ್ಟೆಯಿಲ್ಲದೆ ತೊಟ್ಟಿಗೆ ಇಳಿಯುವುದು ಆಮೇಲೆ. ನಮ್ಮ ಹಂಡೆ ನೀರು ಕೊಳೆ ತೊಳೆಯುವುದಕ್ಕೆ. ಅಲ್ಲಿನ ತೊಟ್ಟಿ, ಸ್ನಾನ ಮುಗಿಸಿದವರು ಸುಮ್ಮನೆ ಕೂರುವುದಕ್ಕೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಇನ್ನೊಂದು ವಸ್ತು ಇರುತ್ತದೆ. ರೀಲ್ಸ್ ಮಾಡುವವರು ಅದನ್ನು ತೋರಿಸುವುದಿಲ್ಲ, ಅಲ್ಲಿ ಫೋಟೊ ತೆಗೆಯುವಂತೆಯೂ ಇಲ್ಲ ಅನ್ನಿ. ಅದು ಗೋಡೆಯ ಮೇಲಿನ ಒಂದು ಫಲಕ. ಈ ನೀರಿನಲ್ಲಿ ಯಾವ ಲವಣ ಎಷ್ಟಿದೆ, ಯಾರು ಇದಕ್ಕೆ ಇಳಿಯಬಾರದು, ಏನೇನು ಎಚ್ಚರ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಫಲಕ ಹಾಕುವುದು ಕಾನೂನಿನ ಪ್ರಕಾರ ಕಡ್ಡಾಯ, ನೀರನ್ನು 10 ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಬೇಕು. ಈ ಫಲಕದ ವಿಷಯಕ್ಕೆ ಆಮೇಲೆ ಬರೋಣ.

ತೊಂಡೇಬಾವಿಯ ನೀರು ಒನ್ಸೆನ್ ಹೌದೇ?

ಉತ್ತರ ಕೇಳಿ ನಮಗೇ ನಗು ಬಂತು. ಕಾಗದದ ಮೇಲೆ, ಹೌದು. ಜಪಾನಿನ 1948ರ ಒನ್ಸೆನ್ ಕಾನೂನಿನ ಪ್ರಕಾರ, ನೆಲದಿಂದ ಹೊರಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಿದ್ದರೆ ಸಾಕು. ಅಷ್ಟು ಬಿಸಿ ಇಲ್ಲದಿದ್ದರೂ, ಪಟ್ಟಿ ಮಾಡಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಸಾಕು. ಚಳಿ ದೇಶದಲ್ಲಿ 25 ಡಿಗ್ರಿ ದೊಡ್ಡ ಮಾತು. ನಮ್ಮ ಸೀಮೆಯಲ್ಲಿ ನೆಲದ ಸರಾಸರಿ ಉಷ್ಣತೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಆ ಲೆಕ್ಕದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಆಳದ ಬೋರ್‌ವೆಲ್‌ಗಳೆಲ್ಲ ಒನ್ಸೆನ್‌ಗಳೇ!

ಆಳಕ್ಕೆ ಹೋದಂತೆ ಬಿಸಿ ಎಷ್ಟು ಏರುತ್ತದೆ ಎನ್ನುವುದಕ್ಕೆ ಪಕ್ಕದ ಕೋಲಾರದಲ್ಲೇ ಸಾಕ್ಷಿಯಿದೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ. ಮೇಲಿನ 25 ಡಿಗ್ರಿ ಕಳೆದರೆ, ಕಿಲೋಮೀಟರಿಗೆ 13 ಡಿಗ್ರಿಯಷ್ಟು ಏರಿಕೆ. ಹಾಗಾದರೆ 1,200 ಅಡಿಯ ಬೋರ್‌ವೆಲ್ ನೀರಿಗೆ ಸೇರುವುದು ಬರೀ 5 ಡಿಗ್ರಿ, ಒಟ್ಟು 30ರ ಆಸುಪಾಸು. ಅದು ನಮ್ಮ ಮೈಬಿಸಿಗಿಂತಲೂ ಕಡಿಮೆ. ಚಳಿಗಾಲದ ಮುಂಜಾನೆ ಗಾಳಿ ತಣ್ಣಗಿರುವುದರಿಂದ ಅದೇ ನೀರು ಕೈಗೆ ಬೆಚ್ಚಗೆ ತಾಗುತ್ತದೆ, ಹಬೆಯೂ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಅದೇ ನೀರನ್ನು ಯಾರೂ ಬಿಸಿನೀರು ಎನ್ನುವುದಿಲ್ಲ. ಜಪಾನಿನ ತೊಟ್ಟಿಯ 42 ಡಿಗ್ರಿ ಬೇಕೆಂದರೆ ಇಲ್ಲಿ 4,000 ಅಡಿಗೂ ಹೆಚ್ಚು ಕೊರೆಸಬೇಕಾದೀತು. ಸಾವಿರ ಅಡಿಗೇ ಸಾಲ ಮಾಡಿಕೊಂಡವರಿಗೆ ಈ ಲೆಕ್ಕ ಹೇಳಲು ನಮಗೆ ಧೈರ್ಯವಿಲ್ಲ.

"ಕೆಳಗೆ ಜ್ವಾಲಾಮುಖಿ ಇರಬಹುದಾ?" ಎಂಬ ಅನುಮಾನವೂ ಬೇಡ. ಈ ಭಾಗದ ಗ್ರಾನೈಟ್ ಮತ್ತು ನೈಸ್ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ನೆಲ ತಣ್ಣಗಾಗಿ ಗಟ್ಟಿಯಾಗಿದೆ. ಭಾಭಾ ಅಣು ಸಂಶೋಧನಾ ಕೇಂದ್ರವು ದೂರದೇಶಗಳ ಅಣುಸ್ಫೋಟದ ಕಂಪನ ಹಿಡಿಯುವ ಉಪಕರಣಗಳನ್ನು 1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಹೂಡಿತು. ಅಂಥ ಕೆಲಸಕ್ಕೆ ಬೇಕಾದದ್ದು ಇಂಥ ಗಟ್ಟಿಯಾದ, ಸದ್ದಿಲ್ಲದ ನೆಲವೇ.

ಬಿಸಿನೀರಿನ ಬುಗ್ಗೆಗೆ ಜ್ವಾಲಾಮುಖಿ ಬೇಕೇಬೇಕು ಎನ್ನುವುದೂ ತಪ್ಪು. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ದಡದಲ್ಲಿ, ಬೆಂದ್ರು ತೀರ್ಥವಿದೆ. ಗಂಧಕದ ವಾಸನೆಯ ಬೆಚ್ಚಗಿನ ನೀರು ಅಲ್ಲಿ ತಾನಾಗಿಯೇ ಉಕ್ಕುತ್ತದೆ. ಅಲ್ಲೂ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕಿಳಿದು, ಕಾದು, ತಣ್ಣಗಾಗುವ ಮೊದಲೇ ಇನ್ನೊಂದು ಬಿರುಕಿನಲ್ಲಿ ಮೇಲೆ ಬಂದರೆ ಅದೇ ಬಿಸಿನೀರ ಬುಗ್ಗೆ. ಹಿಮಾಚಲದ ಮಣಿಕರಣ್‌ನಲ್ಲಿ ಅಕ್ಕಿ ಬೇಯಿಸುವಷ್ಟು ಕುದಿಯುವ ನೀರಿದೆ; ಅದೂ ಜ್ವಾಲಾಮುಖಿಯದ್ದಲ್ಲ.

ಮಂಡಿನೋವಿಗೆ ಪ್ರಯೋಜನ ಉಂಟೇ?

ಸ್ವಲ್ಪ ಉಂಟು. ಬಿಸಿನೀರಿನಲ್ಲಿ ಕೂತರೆ ರಕ್ತನಾಳ ಹಿಗ್ಗುತ್ತದೆ, ಸ್ನಾಯು ಸಡಿಲವಾಗುತ್ತದೆ, ನೀರು ಮೈಭಾರ ಹೊರುವುದರಿಂದ ಕೀಲಿಗೂ ಬಿಡುವು ಸಿಗುತ್ತದೆ. ಖನಿಜದ ನೀರಿನ ಸ್ನಾನದಿಂದ ಸಂಧಿವಾತದ ನೋವು ಕೆಲಕಾಲ ಇಳಿಯಿತೆಂದು ಹೇಳುವ ಅಧ್ಯಯನಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಗುಣಮಟ್ಟವೂ ಅಷ್ಟಕ್ಕಷ್ಟೆ. ನೋವು ಇಳಿಸಿದ್ದು ಖನಿಜವೋ ಬರೀ ಬಿಸಿಯೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಅಭ್ಯಂಜನ ಮಾಡಿ ಹಂಡೆಯ ಬಿಸಿನೀರು ಹುಯ್ದುಕೊಂಡರೂ ಮೈ ಹಗುರಾಗುತ್ತದೆ, ಅದಕ್ಕೆ ಬುಗ್ಗೆ ಬೇಕಿಲ್ಲ.

ಅಪಾಯವೂ ಇದೆ. ಬಿಸಿ ತೊಟ್ಟಿಯಿಂದ ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಜಪಾನಿನಲ್ಲಿ ಪ್ರತಿವರ್ಷ ಸಾವಿರಾರು ಹಿರಿಯರು ಸ್ನಾನದ ತೊಟ್ಟಿಯಲ್ಲೇ ಮುಳುಗಿ ಸಾಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಡುವುದೇ ಗೊತ್ತಾಗುವುದಿಲ್ಲ. 'ನೈಸರ್ಗಿಕ ನೀರು ತಾನೇ ಶುದ್ಧ' ಎಂಬ ನಂಬಿಕೆಯೂ ಅಲ್ಲಿ ದುಬಾರಿಯಾಗಿದೆ: 2002ರಲ್ಲಿ ಮಿಯಾಜಾಕಿ ಪ್ರಾಂತ್ಯದ ಹ್ಯೂಗಾದ ಒನ್ಸೆನ್ ಒಂದರಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡಿ 7 ಮಂದಿ ಸತ್ತರು.

ಎರಡು ಲೋಟದ ಪ್ರಶ್ನೆ

ಈಗ ಫಲಕಕ್ಕೆ ಬರೋಣ. ನೀರನ್ನು ಒನ್ಸೆನ್ ಆಗಿಸುವ ಆ 19 ಪದಾರ್ಥಗಳಲ್ಲಿ ಫ್ಲೋರೈಡ್ ಕೂಡ ಒಂದು. ಕಿಲೋಗೆ 2 ಮಿಲಿಗ್ರಾಂ ಇದ್ದರೆ ಸಾಕು. ಅದೇ ಜಪಾನಿನಲ್ಲಿ ಕುಡಿಯುವ ನಲ್ಲಿ ನೀರಿಗೆ ಫ್ಲೋರೈಡ್ ಮಿತಿ ಲೀಟರಿಗೆ 0.8 ಮಿಲಿಗ್ರಾಂ. ಮೀಯಲು ಬೆಲೆಬಾಳುವ ಅದೇ ನೀರನ್ನು ದಿನವೂ ಕುಡಿಯುವಂತಿಲ್ಲ. ಒನ್ಸೆನ್ ನೀರನ್ನು ಕುಡಿಯಲು ಕೊಡಬೇಕಾದರೆ ಅಲ್ಲಿ ಪ್ರತ್ಯೇಕ ಅನುಮತಿ ಬೇಕು.

ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ತೊಂದರೆ. ಗ್ರಾನೈಟಿನಲ್ಲಿರುವ ಖನಿಜಗಳಿಂದ ಅದು ನಿಧಾನವಾಗಿ ನೀರಿಗೆ ಕರಗುತ್ತದೆ. ಬಂಡೆಯ ಜೊತೆ ನೀರು ಹೆಚ್ಚು ಕಾಲ ಕೂತಷ್ಟೂ ಹೆಚ್ಚು ಕರಗುವ ಸಾಧ್ಯತೆ. "ಆಳದ ನೀರು ಶುದ್ಧ" ಎನ್ನುವ ನಂಬಿಕೆ ಇಲ್ಲಿ ತಿರುವುಮುರುವಾಗಬಹುದು. ಭಾರತದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬೀಳುತ್ತದೆ. ಪ್ರಮಾಣ ಬಹಳ ಹೆಚ್ಚಿದ್ದರೆ ದೊಡ್ಡವರಲ್ಲಿ ಕೀಲು, ಬೆನ್ನು ಬಿಗಿಯುತ್ತದೆ. ಶುರುವಿನಲ್ಲಿ ಇದು ಸಾಮಾನ್ಯ ಸಂಧಿವಾತದಂತೆಯೇ ಕಾಣುತ್ತದೆ. ಮಂಡಿನೋವಿಗೆ ಔಷಧಿಯೆಂದು ಕುಡಿಯುವ ನೀರೇ ನೋವು ಹೆಚ್ಚಿಸುತ್ತಿರಬಹುದು ಎಂಬುದೇ ನಮ್ಮ ಗಾಬರಿಗೆ ಕಾರಣ. ಹಾಗೇ ಆಗಿದೆ ಎಂದು ನಾವು ಹೇಳುತ್ತಿಲ್ಲ, ಅದನ್ನು ವೈದ್ಯರು ನೋಡಿ ಹೇಳಬೇಕು.

ಫ್ಲೋರೈಡಿಗೆ ಬಣ್ಣ, ರುಚಿ, ವಾಸನೆ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಆರ್‌ಒ ಘಟಕದಲ್ಲಿ ಬಹುಪಾಲು ಹೋಗುತ್ತದೆ. ಸ್ನಾನದಿಂದ ಮಾತ್ರ ಹೆದರಬೇಕಿಲ್ಲ, ಚರ್ಮದ ಮೂಲಕ ಒಳಹೋಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಗ್ರಾಮ ಪಂಚಾಯಿತಿಗಳಿಗೆ ಜಲಜೀವನ್ ಮಿಷನ್ ಅಡಿ ನೀರು ಪರೀಕ್ಷೆಯ ಕಿಟ್ ಕೊಟ್ಟಿರುತ್ತಾರೆ. ಫ್ಲೋರೈಡ್ ಅಂದಾಜು ಅದರಲ್ಲೇ ಸಿಗುತ್ತದೆ. ಖಚಿತ ಅಂಕಿ ಬೇಕಿದ್ದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ. ತೊಳೆದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ, ಮೋಟಾರು ಹತ್ತು ನಿಮಿಷ ಓಡಿದ ಮೇಲೆ ತುಂಬಿಸಿ ಕೊಡಬೇಕು. ನಮ್ಮ ಪರಿಚಿತರು ಸ್ಯಾಂಪಲ್ ಕೊಟ್ಟಿದ್ದಾರೆ. ವರದಿ ಬರುವವರೆಗೆ ಅಮ್ಮನ ಸ್ನಾನ ಬೋರ್‌ವೆಲ್ ನೀರಿನಲ್ಲೇ, ಕುಡಿಯುವುದಕ್ಕೆ ಮತ್ತೆ ಕ್ಯಾನ್ ನೀರು.